ಗೋಲ್‌ಕೀಪರ್ ವೇಷದ ಹರಕೆ

ಅಕ್ಷರ ಕಲಿಸಿದ ಅಜ್ಜಯ್ಯನಿಗೆ ಮೊದಲ ನಮಸ್ಕಾರ. ಎರಡು ಒಲೆಗಳ ನಡುವೆ ನಿಂತು ನಮ್ಮನ್ನು ಸಾಕಿದ ಅಮ್ಮನಿಗೆ, ಊರಿಗೆಲ್ಲ ಕಾಫಿ ಕೊಟ್ಟು ತಾನು ತಣ್ಣಗಾದದ್ದನ್ನು ಕುಡಿದ ಅಪ್ಪನಿಗೆ ನಮಸ್ಕಾರ. ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿ ಕುಳಿತು, ಕೇಳಿದವರಿಗೂ ಕೇಳದವರಿಗೂ ಮಾತು ಕೊಡುವ ತಾಯಿಗೆ ನಮಸ್ಕಾರ. ಈ ವಯಸ್ಸಿನಲ್ಲಿ ನನ್ನ ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಇದು ಆ ತಾಯಿಯ ಕೃಪೆಯೋ ಪರೀಕ್ಷೆಯೋ ನನಗೆ ತಿಳಿಯದು. ಯಾವುದಾದರೂ ಕೈಮುಗಿದೇ ಸ್ವೀಕರಿಸಿದ್ದೇನೆ. ನನ್ನ ತಂಗಿ ಭಾಗೀರಥಿಯ ಸಂಗತಿಯನ್ನು ಇಷ್ಟು ವರ್ಷ ಬರೆಯಲಾರದೆ ಉಳಿಸಿಕೊಂಡಿದ್ದೆ. ಬರೆಯಲು ಕೂರಿಸಿದ ಎಲ್ಲ ಶಕ್ತಿಗಳಿಗೂ ಋಣಿಯಾಗಿ ಆರಂಭಿಸುತ್ತಿದ್ದೇನೆ.

ಬರೆಯಲು ಕೂರಿಸಿದ್ದು ಒಂದು ವೇಷ. ಕಳೆದ ಅಕ್ಟೋಬರ್ ತಿಂಗಳ ಕೊನೆಯಲ್ಲಿ ನಾನು ಬಾಳಗಡಿಯಲ್ಲಿ ಮಗಳ ಮನೆಯಲ್ಲಿದ್ದೆ. ಆ ಬೀದಿಯ ಮಕ್ಕಳೆಲ್ಲ ಸೇರಿ ಹ್ಯಾಲೊವೀನ್ ಎಂಬ ಹಬ್ಬ ಮಾಡುತ್ತೇವೆಂದು ಹಟ ಹಿಡಿದಿದ್ದರು. ಸಂಜೆಗೆ ಅಂಗಳದ ತುಂಬ ವೇಷಗಳು. ಒಬ್ಬ ಹಾಸಿಗೆಯ ಮೇಲುಹಾಸು ಹೊದ್ದು ದೆವ್ವವಾಗಿದ್ದ, ಮತ್ತೊಬ್ಬಳು ಪೊರಕೆ ಹಿಡಿದ ಮಾಟಗಾತಿ. ಸಿಹಿಗುಂಬಳಕಾಯಿಗೆ ಕಣ್ಣು ಬಾಯಿ ಕೊರೆದು ಒಳಗೆ ದೀಪವಿಟ್ಟಿದ್ದರು. ತಿರುಳನ್ನು ಎಸೆಯಲು ಹೊರಟವರ ಕೈಯಿಂದ ತೆಗೆದುಕೊಂಡು ನಾನು ಪಲ್ಯಕ್ಕೆ ಎತ್ತಿಟ್ಟೆ. ಅಷ್ಟರಲ್ಲಿ ನನ್ನ ಮೊಮ್ಮಗಳು, ಒಂಬತ್ತು ವರ್ಷದವಳು, ತನಗಿಂತ ದೊಡ್ಡದಾದ ಅಂಗಿ ತೊಟ್ಟು, ಕೈಗೆ ದಪ್ಪ ಗವಸು ಹಾಕಿ, ಬಾಗಿಲ ಎರಡೂ ಕಡೆಗೆ ಕೈಚಾಚಿ ನಿಂತಳು.

"ಅಮ್ಮಮ್ಮ, ನಾನು ಯಾರು ಹೇಳು?"

"ದೆವ್ವ ಅಂತೂ ಅಲ್ಲ."

"ಗೋಲ್‌ಕೀಪರ್! ಮೊನ್ನೆ ಫೋನಲ್ಲಿ ನೋಡಿದ್ನಲ್ಲ, ಆ ಸಿನಿಮಾದ್ದು. ಮೊದ್ಲು ಬಂದ ಬಾಲ್ ಎಲ್ಲ ಬಿಡ್ತಾಳೆ. ನಕ್ಕೂ ನಕ್ಕೂ ಸಾಕಾಗತ್ತೆ!"

ಕನ್ನಡಕ ತರುತ್ತೇನೆಂದು ಹೇಳಿ ಒಳಗೆ ಹೋದವಳು ನಾನು ಬಹಳ ಹೊತ್ತು ಹೊರಗೆ ಬರಲಿಲ್ಲ. ಮನೆಯಲ್ಲಿ ದೆವ್ವದ ವೇಷ ಹಾಕಿದ್ದು ನನಗೆ ಹಿಡಿಸಲಿಲ್ಲವೆಂದು ಮಗಳು ನೊಂದುಕೊಂಡಳು. ಅವಳಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಬಾಗಿಲಲ್ಲಿ ಹಾಗೆ ಕೈಚಾಚಿ ನಿಂತ ಮತ್ತೊಬ್ಬ ಗೋಲ್‌ಕೀಪರನ್ನು ನಾನು ನನ್ನ ಬಾಲ್ಯದ ಮನೆಯಲ್ಲಿ ಕಂಡಿದ್ದೆ.

ಆ ಮನೆ ಕೊಪ್ಪದ ಪೇಟೆಬೀದಿಯಲ್ಲಿತ್ತು. ಮುಂಭಾಗ ಅಪ್ಪನ ಹೋಟೆಲು, ಹಿಂಭಾಗ ನಮ್ಮ ವಾಸ, ಎರಡರ ನಡುವೆ ಒಂದು ಬಾಗಿಲು. ಬಾಗಿಲಿನ ಆಚೆ ಹೋಟೆಲಿನ ಒಲೆ: ಅಲ್ಲಿ ಇಡ್ಲಿ, ಬನ್ಸು, ಸಂಜೆಗೆ ಈರುಳ್ಳಿ ಬಜೆ. ಈಚೆ ಮಡಿಯ ಒಲೆ: ಅಲ್ಲಿ ಅಜ್ಜಯ್ಯನಿಗೆ ಮಾತ್ರ ಅನ್ನ, ತಂಬುಳಿ, ಒಂದು ಪಲ್ಯ. ಅಮ್ಮ ದಿನವಿಡೀ ಆ ಬಾಗಿಲನ್ನು ದಾಟುತ್ತಲೇ ಇರುತ್ತಿದ್ದಳು. ಆಚೆಯಿಂದ ಈಚೆಗೆ ಬರುವಾಗಲೆಲ್ಲ ಕೈಕಾಲು ತೊಳೆದು, ಸೀರೆ ಬದಲಿಸಿ ಬರಬೇಕು. ಈರುಳ್ಳಿಯ ವಾಸನೆ ಬಾಗಿಲಿನ ಸಂದಿಯಿಂದ ದೇವರ ಕೋಣೆಗೆ ಬರುತ್ತದೆಂದು ಅಜ್ಜಯ್ಯ ದೂರಿದರೆ, ಆ ಈರುಳ್ಳಿಯೇ ಮನೆಗೆ ಎಣ್ಣೆಬತ್ತಿ ತರುವುದೆಂದು ಅಪ್ಪ ಆಚೆಯಿಂದಲೇ ಗೊಣಗುತ್ತಿದ್ದರು. ಇಬ್ಬರೂ ಮುಖಾಮುಖಿ ಜಗಳವಾಡಿದ್ದನ್ನು ನಾನು ಕಾಣೆ. ಅವರ ಮಾತುಗಳೆಲ್ಲ ಅಮ್ಮನ ಮೂಲಕ, ಸೀರೆ ಬದಲಿಸುತ್ತ, ಹೋಗಿ ಬರುತ್ತಿದ್ದವು. ಅಜ್ಜಯ್ಯ ಹೋಟೆಲಿನೊಳಗೆ ಕಾಲಿಟ್ಟವರಲ್ಲ. ಬೀದಿಗೆ ಹೋಗಬೇಕಾದರೆ ಪಕ್ಕದ ಓಣಿಯನ್ನು ಬಳಸಿ ಹೋಗುತ್ತಿದ್ದರು.

ಅಜ್ಜಯ್ಯ ಶಾಸ್ತ್ರ ಓದಿದವರು. ಸೂತಕ ಎಷ್ಟು ದಿನ, ಶ್ರಾದ್ಧದ ತಿಥಿ ಯಾವುದು, ಹೊತ್ತ ಹರಕೆಯನ್ನು ಹೇಗೆ ತೀರಿಸಬೇಕು ಎಂದು ಕೇಳಲು ಮೆಣಸೆಯಿಂದ, ಕಮ್ಮರಡಿಯಿಂದ ಜನ ನಡೆದು ಬರುತ್ತಿದ್ದರು. ಮೊಮ್ಮಗನಿಲ್ಲದ ಮನೆಯಲ್ಲಿ ಅವರು ಅಮರಕೋಶವನ್ನು ನನಗೆ ಹೇಳಿಕೊಟ್ಟರು. ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಎಂದು ಬಂದವರು ಕೇಳಿದರೆ "ನಾಲಗೆ ಇದೆಯಲ್ಲ" ಎಂದಷ್ಟೇ ಹೇಳಿ ಮುಂದಿನ ಶ್ಲೋಕಕ್ಕೆ ಹೋಗುತ್ತಿದ್ದರು. ಹೀಗೆ ಅವರ ಮಗ್ಗುಲಲ್ಲಿ ಕುಳಿತು ನಾನು ಎಷ್ಟೋ ತೀರ್ಮಾನಗಳನ್ನು ಕೇಳಿಸಿಕೊಂಡೆ. ಅವುಗಳಲ್ಲಿ ಒಂದನ್ನು ಹೇಳಲೇಬೇಕು. ಕಮ್ಮರಡಿ ಕಡೆಯ ಜಮೀನುದಾರರೊಬ್ಬರು ಮಗನ ಪರೀಕ್ಷೆಗಾಗಿ ದೊಡ್ಡದೊಂದು ಪೂಜೆಯ ಹರಕೆ ಹೊತ್ತಿದ್ದರು. ಹೇಗೂ ಮನೆಯಲ್ಲಿ ನೆಂಟರು ಸೇರಿದ್ದಾರೆ, ಫಲಿತಾಂಶ ಬರುವ ಮೊದಲೇ ತೀರಿಸಿಬಿಡಬಹುದೇ ಎಂದು ಕೇಳಲು ಬಂದರು.

"ಫಲ ಕೈಗೆ ಬಂದ ಮೇಲೆ ಕೊಟ್ಟರೆ ಅದು ಹರಕೆ," ಎಂದರು ಅಜ್ಜಯ್ಯ. "ಮೊದಲೇ ಕೊಟ್ಟರೆ ಲಂಚ. ನೀವು ಕಚೇರಿಗೆ ಕೊಡಿ, ದೇವಿಗೆ ಬೇಡ."

ಆ ಯಜಮಾನರು ಮರುವಾರ ಹಣ್ಣುಕಾಯಿ ಸಮೇತ ಬಂದು ಮತ್ತೊಮ್ಮೆ ಕೇಳಿದರು. ಅಜ್ಜಯ್ಯ ಹಣ್ಣನ್ನೂ ವಾಪಸು ಕಳಿಸಿದರು. ಅವರ ಮಾತು ಹಾಗೆ. ಒಮ್ಮೆ ಆಡಿದರೆ ಮುಗಿಯಿತು.

ಭಾಗಿ ನನಗಿಂತ ಮೂರು ವರ್ಷ ಚಿಕ್ಕವಳು. ಅಮರಕೋಶ ಅವಳ ಕಡೆಗೂ ಹೋಗಲಿಲ್ಲ, ಅವಳು ಅದರ ಕಡೆಗೂ ಬರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಬಸ್ಸಿನ ಜೊತೆ ಓಟ ಕಟ್ಟುತ್ತಿದ್ದವಳು ಅವಳು. ಒಂದು ವರ್ಷ ಅವಳಿಗೆ ಕೀಲುಗಳೆಲ್ಲ ಊದಿಕೊಳ್ಳುವ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಅವಳ ಹೃದಯವನ್ನು ಮುಟ್ಟಿಹೋಯಿತು. ನಾಲ್ಕು ಹೆಜ್ಜೆ ಓಡಿದರೆ ತುಟಿ ನೀಲಿಯಾಗುತ್ತಿತ್ತು. ಅಮ್ಮನ ತವರು ಘಟ್ಟದ ಕೆಳಗೆ. ಅಲ್ಲಿಯವರು ಕಷ್ಟಕ್ಕೆ ವೇಷದ ಹರಕೆ ಹೊರುತ್ತಾರೆ: ಕಾಯಿಲೆ ವಾಸಿಯಾದರೆ ನವರಾತ್ರಿಯಲ್ಲಿ ಹುಲಿಯದೋ ಕರಡಿಯದೋ ವೇಷ ಹಾಕಿ ಮನೆಮನೆಗೆ ಹೋಗಿ, ಸ್ವಲ್ಪ ಕುಣಿದು, ಸಿಕ್ಕಿದ್ದನ್ನೆಲ್ಲ ದೇವಿಗೆ ಒಪ್ಪಿಸುವುದು. ವೇಷ ಕಟ್ಟಿದವರನ್ನು ಆ ಹೊತ್ತಿನಲ್ಲಿ ಹೆಸರು ಹಿಡಿದು ಕರೆಯುವಂತಿಲ್ಲ. ಅವರು ದೇವಿಯ ಕಡೆಯವರು. ಅಮ್ಮ ಜ್ವರದ ಮಗುವಿನ ತಲೆಯ ಮೇಲೆ ಕೈಯಿಟ್ಟು, ತನ್ನೂರಿನ ದುರ್ಗೆಗೆ ಹರಕೆ ಹೊತ್ತಳು. ಕೂಸಿನ ಎದೆ ಸರಿಹೋಗಲಿ, ಅವಳ ಕೈಯಲ್ಲೇ ವೇಷ ಹಾಕಿಸುತ್ತೇನೆ ಎಂದು.

ಆ ಬೇಸಿಗೆಯಲ್ಲಿ ಅಪ್ಪ ನಮ್ಮಿಬ್ಬರನ್ನೂ ನರಸಿಂಹರಾಜಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿಗೆ ವಾರಕ್ಕೊಮ್ಮೆ ಬರುತ್ತಿದ್ದ ದೊಡ್ಡ ಡಾಕ್ಟರಿಗೆ ಭಾಗಿಯನ್ನು ತೋರಿಸುವುದಿತ್ತು. ಡಾಕ್ಟರು ಅವಳ ಎದೆಗೆ ಕಿವಿಗೊಟ್ಟು ಕೇಳಿದರು, ಪಾದವನ್ನು ಒತ್ತಿ ನೋಡಿದರು, ಓಡಬಾರದು ಎಂದು ಗಲ್ಲ ತಟ್ಟಿ ಹೇಳಿದರು. ಆಮೇಲೆ ಅಪ್ಪನನ್ನು ಮಾತ್ರ ಒಳಗೆ ಕರೆದರು. ನಾವು ಹೊರಗೆ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದೆವು. ಅಪ್ಪ ಹೊರಗೆ ಬಂದು, ನಮ್ಮನ್ನು ನೋಡಿ, ಬೀದಿಯನ್ನು ನೋಡಿ, ಇದ್ದಕ್ಕಿದ್ದಂತೆ ಹೇಳಿದರು.

"ನಡೀರಿ, ಸಿನಿಮಾಕ್ಕೆ ಹೋಗನ."

ಅಪ್ಪ ಅದುವರೆಗೆ ನಮ್ಮನ್ನು ಸಿನಿಮಾಕ್ಕೆ ಕರೆದೊಯ್ದವರಲ್ಲ. ಮಧ್ಯಾಹ್ನದ ಆಟ. ಚಿತ್ರದ ಹೆಸರು ಮರೆತಿದೆ, ಕಥೆ ಮರೆತಿಲ್ಲ. ಒಂದು ಶಾಲೆ, ಸದಾ ಸೋಲುವ ಅದರ ಫುಟ್ಬಾಲ್ ತಂಡ, ಓಡಲಾರದ ಒಬ್ಬ ದಪ್ಪ ಹುಡುಗ. ಓಡಲಾರದವನು ಇನ್ನೇನು ಮಾಡಿಯಾನೆಂದು ಅವನನ್ನು ಗೋಲಿನಲ್ಲಿ ನಿಲ್ಲಿಸುತ್ತಾರೆ. ಅವನು ಜೇಬಿನಲ್ಲಿ ಚಕ್ಕುಲಿ ತುಂಬಿಕೊಂಡು ಬಂದು ಗೋಲಿನಲ್ಲೇ ತಿನ್ನುತ್ತಾನೆ. ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಾನೆ. ಆಡೊಂದು ಬಲೆಯನ್ನು ಮೇಯುವುದನ್ನು ನೋಡುತ್ತ ನಿಂತು ಚೆಂಡನ್ನು ಬಿಡುತ್ತಾನೆ. ಬೈಗಳನ್ನೂ ಸೋಲನ್ನೂ ತಿಂದು ತಿಂದು ಆ ಹುಡುಗ ನಮ್ಮ ಕಣ್ಣೆದುರೇ ದೊಡ್ಡವನಾಗುತ್ತ ಬರುತ್ತಾನೆ. ಕೊನೆಯ ಪಂದ್ಯದಲ್ಲಿ ಅಸಾಧ್ಯವಾದ ಒಂದು ಚೆಂಡನ್ನು ಹಿಡಿದೇಬಿಡುತ್ತಾನೆ. ಹಿಡಿದ ಸಂತೋಷಕ್ಕೆ ಚೆಂಡಿನ ಸಮೇತ ಹಿಂದೆ ಹಿಂದೆ ನಡೆದು ತಾನೇ ಗೋಲಿನೊಳಗೆ ಹೋಗಿ ಬೀಳುತ್ತಾನೆ. ತಂಡ ಸೋಲುತ್ತದೆ. ಆದರೂ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಭಾಗಿ ನಕ್ಕು ನಕ್ಕು ಬೆಂಚಿನಿಂದ ಜಾರಿದಳು. ಅಪ್ಪನೂ ನಗುತ್ತಿದ್ದರು. ಪಂಚೆಯ ಅಂಚಿನಿಂದ ಮತ್ತೆ ಮತ್ತೆ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಾರೆಂದು ನನಗೆ ಬಹಳ ಸಂತೋಷವಾಯಿತು. ನನಗಾಗ ಹನ್ನೆರಡು ವರ್ಷ. ಕತ್ತಲಲ್ಲಿ ಕಣ್ಣೊರೆಸಿಕೊಳ್ಳುವವರೆಲ್ಲ ನಗುತ್ತಿರುವುದಿಲ್ಲವೆಂದು ತಿಳಿಯುವ ವಯಸ್ಸಲ್ಲ.

"ಅಕ್ಕಾ, ನೋಡಿದ್ಯನೇ?" ಬಸ್ಸಿನಲ್ಲಿ ಭಾಗಿ ನನ್ನ ಭುಜ ಅಲುಗಾಡಿಸಿದಳು. "ಅವನು ಓಡಲೇ ಇಲ್ಲ. ನಿಂತಲ್ಲೇ ಆಟ. ಡಾಕ್ಟರು ಓಡಬಾರ್ದು ಅಂದ್ರು, ನಿಲ್ಲಬಾರ್ದು ಅನ್ಲಿಲ್ಲ."

ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ಅದೇ ಆಟ. ಅವಳು ಹಾಸಿಗೆಯ ಮೇಲೆ ಕಾಲುಚಾಚಿ ಕೂರುವಳು, ನಾನು ಕೋಣೆಯ ಆ ಮೂಲೆಯಿಂದ ನಿಂಬೆಹಣ್ಣು ಎಸೆಯುವುದು. ನಿಂಬೆಹಣ್ಣುಗಳೆಲ್ಲ ಜಜ್ಜಿಹೋಗುತ್ತವೆಂದು ಅಮ್ಮ ಬೈದಾಗ ಹೋಟೆಲಿನ ಅಡುಗೆಯ ಶೀನಣ್ಣ ತೆಂಗಿನ ನಾರು ತುಂಬಿ ಬಟ್ಟೆಯ ಚೆಂಡೊಂದನ್ನು ಹೊಲಿದುಕೊಟ್ಟ. ಅವನೂ ಘಟ್ಟದ ಕೆಳಗಿನವನು. ತಾನು ಹುಡುಗನಾಗಿದ್ದಾಗ ಕಟ್ಟಿದ ಕರಡಿವೇಷದ ಕಥೆಗಳನ್ನು ಭಾಗಿಯ ತಲೆಗೆ ತುಂಬಿದವನೂ ಅವನೇ. ಮಳೆ ಹಿಂದಾಗುವ ಹೊತ್ತಿಗೆ ಭಾಗಿಯ ಮನಸ್ಸಿನಲ್ಲಿ ಅಮ್ಮನ ಹರಕೆಯೂ ಆ ಸಿನಿಮಾದ ಹುಡುಗನೂ ಕೂಡಿಕೊಂಡಿದ್ದರು. ಅವಳಿಗೆ ಈ ಲೋಕದಲ್ಲಿ ಬೇಕಾದದ್ದು ಈಗ ಒಂದೇ: ಬರುವ ನವರಾತ್ರಿಗೆ ಗೋಲ್‌ಕೀಪರ್ ವೇಷ ಕಟ್ಟಿ ಕೊಪ್ಪದ ಪೇಟೆಯಲ್ಲಿ ತಿರುಗುವುದು. ಅಷ್ಟರಲ್ಲಿ ಅವಳ ಪಾದಗಳು ಊದಿಕೊಂಡಿದ್ದವು. ಮಲಗಿದರೆ ಉಸಿರು ಕಟ್ಟುತ್ತಿತ್ತು, ದಿಂಬಿಗೆ ಒರಗಿಯೇ ನಿದ್ದೆ.

ಮಹಾಲಯ ಪಕ್ಷದ ಒಂದು ಬೆಳಿಗ್ಗೆ ಅಜ್ಜಯ್ಯ ಫಲಾಹಾರಕ್ಕೆ ಕುಳಿತಿದ್ದರು. ಅಮ್ಮ ಮಡಿಯ ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದಳು. ಅಪ್ಪ ನಡುಬಾಗಿಲಿನ ಆಚೆ ನಿಂತು ಹಾಲಿನ ಪಾತ್ರೆಗಾಗಿ ಕಾಯುತ್ತಿದ್ದರು. ಭಾಗಿ ಗೋಡೆ ಹಿಡಿದು ನಡೆದುಬಂದು ಅಜ್ಜಯ್ಯನ ಎಲೆಯ ಮುಂದೆ, ಮಡಿಗೆ ತಾಗದಷ್ಟು ದೂರದಲ್ಲಿ ಕುಳಿತಳು.

"ಅಜ್ಜಯ್ಯ, ಈ ನವರಾತ್ರಿಗೆ ನಾನು ವೇಷ ಹಾಕ್ಲಾ?"

"ಸುಮ್ನಿರೇ ಮಾರಾಯ್ತಿ," ಎಂದಳು ಅಮ್ಮ ತಿರುಗದೆಯೇ. "ಗುಣ ಆದ್ಮೇಲೆ ಹಾಕೋದು ಅದು. ಮುಂದಿನ ವರ್ಷ ಹಾಕ್ವಂತೆ. ಅಲ್ದಾ ಮಾವಯ್ಯ?"

ಅಮ್ಮನ ದನಿಯಲ್ಲಿ ಸಂಶಯವೇ ಇರಲಿಲ್ಲ. ಉತ್ತರ ಏನೆಂದು ನನಗೂ ಗೊತ್ತಿತ್ತು. ಲಂಚದ ಮಾತನ್ನು ನಾನೇ ಕೇಳಿಸಿಕೊಂಡವಳು. ಅಜ್ಜಯ್ಯ ಭಾಗಿಯ ಮುಖ ನೋಡಿದರು. ಆಮೇಲೆ ಅವಳ ಪಾದಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಈ ವರ್ಷವೇ ಹಾಕಲಿ."

ಅಮ್ಮ ತಿರುಗಿದಳು. ಸಟ್ಟುಗ ಕೈಯಲ್ಲಿತ್ತು.

"ಫಲ ಬರದೆ ಹರಕೆ ತೀರಿಸಬಹುದಾ ಮಾವಯ್ಯ?"

"ಹಾಕಲಿ ಅಂದೆನಲ್ಲ, ತಾಯೀ."

ಭಾಗಿ ಚಪ್ಪಾಳೆ ತಟ್ಟಿದಳು. ಅಮ್ಮ ಅಜ್ಜಯ್ಯನನ್ನು ನೋಡಿದಳು, ಬಾಗಿಲಲ್ಲಿ ನಿಂತ ಅಪ್ಪನನ್ನು ನೋಡಿದಳು. ಅಪ್ಪ ತಲೆ ತಗ್ಗಿಸಿದರು. ಕಾವಲಿಯ ಮೇಲಿನ ದೋಸೆ ಸೀಯತೊಡಗಿತು. ಯಾರೂ ಅದನ್ನು ತೆಗೆಯಲಿಲ್ಲ. ದೋಸೆ ಕರಿದಾಗಿ, ಹೊಗೆ ಎದ್ದು, ಕೋಣೆಯ ತುಂಬ ತುಂಬಿಕೊಂಡ ಮೇಲೆ ಭಾಗಿ ಕೆಮ್ಮಿದಳು. ಆಗ ಅಮ್ಮ ಸಟ್ಟುಗವನ್ನು ಕೆಳಗಿಟ್ಟು, ಮಡಿಯನ್ನು ಮರೆತು, ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಹೋದಳು. ಹಣ್ಣುಕಾಯಿ ತಂದವರಿಗೆ ಬಗ್ಗದ ಮಾತು ಅವಳ ಮಗುವಿಗೆ ಮರುಮಾತಿಲ್ಲದೆ ಬಗ್ಗಿತ್ತು. ಯಾಕೆ ಬಗ್ಗಿತೆಂದು ಆ ಮನೆಯಲ್ಲಿ ಭಾಗಿಯೊಬ್ಬಳಿಗೆ ಮಾತ್ರ ತಿಳಿಯಲಿಲ್ಲ.

ಅಂದಿನಿಂದ ಮನೆಯಲ್ಲಿ ಯಾರೂ "ಮುಂದಿನ ವರ್ಷ" ಎನ್ನಲಿಲ್ಲ. ಅಮ್ಮ ಅಳುವುದನ್ನು ನಾನು ನೋಡಲಿಲ್ಲ, ಅವಳು ಹೊಲಿಯುತ್ತಿದ್ದಳು. ಬೀದಿಯ ಟೈಲರು ಕೂಲಿ ಬೇಡವೆಂದು ಹಳದಿ ಬಟ್ಟೆಯಲ್ಲಿ ಒಂದು ಅಂಗಿ ಕತ್ತರಿಸಿಕೊಟ್ಟಿದ್ದರು. ಗವಸಿಗೆ, ಹೋಟೆಲಿನಲ್ಲಿ ಬಿಸಿ ಪಾತ್ರೆ ಇಳಿಸುವ ದಪ್ಪ ಬಟ್ಟೆಗಳು. ಶೀನಣ್ಣ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಬಗ್ಗಿಸಿ, ಮೊಣಕಾಲಿಗೆ ಕಟ್ಟುವ ಕಾಪು ಮಾಡಿದ. ಆದರೆ ಅವನಿಗೂ ಒಂದು ಧರ್ಮಸಂದೇಹ ಕಾಡಿತು. ನಡುಬಾಗಿಲ ಆಚೆ ನಿಂತು, ಅಜ್ಜಯ್ಯನಿಗೆ ಕೇಳುವಂತೆ ಹೇಳಿದ.

"ಹುಲಿ ಕಂಡಿದೆ, ಕರಡಿ ಕಂಡಿದೆ. ಈ ಫುಟ್ಬಾಲಿನ ವೇಷ ನಾನೆಲ್ಲೂ ಕಂಡದ್ದಿಲ್ಲೆ ಅಯ್ಯಾ. ದೇವಿ ಅಮ್ಮನವರು ಒಪ್ಪೂದು ಹೌದಾ?"

"ತಾನು ಆಗಲಾರದ್ದು ಆಗಿ ನಿಲ್ಲೋದಕ್ಕೆ ವೇಷ ಅಂತಾರೆ ಶೀನ," ಎಂದರು ಅಜ್ಜಯ್ಯ. "ಅವಳು ಹುಲಿಯೂ ಆಗಲಾರಳು, ಆಟಗಾರ್ತಿಯೂ ಆಗಲಾರಳು. ಯಾವುದಾದರೇನು? ಕಟ್ಟು."

ನವರಾತ್ರಿಯ ಒಂದು ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಸಿನಿಮಾದ ಹುಡುಗನ ಹಾಗೆ ದಪ್ಪಗಾಗಲು ಭಾಗಿಯ ಸಣಕಲು ಹೊಟ್ಟೆಗೆ ಅಮ್ಮ ದಿಂಬು ಕಟ್ಟಿದಳು, ಕಾಡಿಗೆಯಲ್ಲಿ ಮೀಸೆ ಬರೆದಳು, ಜೇಬಿಗೆ ಚಕ್ಕುಲಿ ತುಂಬಿದಳು. ಕೊನೆಗೆ ಕುಂಕುಮವಿಟ್ಟು ಕೈಮುಗಿದಳು; ಆ ಕ್ಷಣದಿಂದ ಅವಳು ನಮ್ಮ ಭಾಗಿಯಲ್ಲ, ದೇವಿಯ ಕಡೆಯವಳು. ನಡೆಯಲಾರದ ಅವಳನ್ನು ಸೌದೆ ತರುವ ತಳ್ಳುಗಾಡಿಯಲ್ಲಿ ಕಂಬಳಿ ಹಾಸಿ ಕೂರಿಸಿದೆವು. ಅಪ್ಪ ತಳ್ಳಿದರು, ಶೀನಣ್ಣ ಎಣ್ಣೆಯ ತಗಡಿನ ಡಬ್ಬವನ್ನು ಕುತ್ತಿಗೆಗೆ ಕಟ್ಟಿಕೊಂಡು ಹುಲಿವೇಷದ ಪೆಟ್ಟನ್ನೇ ಬಡಿದ, ನಾನು ಚೀಲ ಮತ್ತು ಚೆಂಡು ಹಿಡಿದೆ, ಅಮ್ಮ ನೀರಿನ ತಂಬಿಗೆಯೊಡನೆ ಹಿಂದೆ ಬಂದಳು. ಹುಲಿಯಾದರೆ ಕುಣಿಯಬೇಕು, ಗೋಲ್‌ಕೀಪರಾದರೆ ಚೆಂಡು ತಡೆಯಬೇಕು. ಪ್ರತಿ ಅಂಗಡಿಯ ಬಾಗಿಲೇ ಗೋಲು. ಅಪ್ಪ ಅವಳನ್ನು ಇಳಿಸಿ ಹೊಸ್ತಿಲ ಮೇಲೆ ನಿಲ್ಲಿಸುವರು, ಅಂಗಡಿಯವರು ಬೀದಿಗಿಳಿದು ಚೆಂಡು ಎಸೆಯಬೇಕು.

ಕೊಪ್ಪದ ಪೇಟೆಗೆ ಫುಟ್ಬಾಲು ಗೊತ್ತಿರಲಿಲ್ಲ. ಜವಳಿ ಅಂಗಡಿಯವರು ಚೆಂಡನ್ನು ಆರತಿಯಂತೆ ಎರಡು ಸುತ್ತು ತಿರುಗಿಸಿ, ಅವಳ ಗವಸಿನೊಳಗೆ ನಿಧಾನವಾಗಿ ಇಟ್ಟರು. ಗಿರಣಿಯವರು ಬೇಕೆಂದೇ ಪಕ್ಕದ ಗೋಡೆಗೆ ಎಸೆದು "ಅಯ್ಯೋ, ಗೋಲ್‌ಕೀಪರ್ ಗೆದ್ದ!" ಎಂದು ತಲೆ ಚಚ್ಚಿಕೊಂಡರು. ಹೂವಿನವಳು ಚೆಂಡಿಗೆ ಮುತ್ತಿಟ್ಟು ಉರುಳಿಸಿದಳು. ಎಲ್ಲರ ಮುಖದಲ್ಲೂ ನಗು, ಎಲ್ಲರ ಕಣ್ಣೂ ಅವಳ ಊದಿದ ಪಾದಗಳ ಮೇಲೆ. ನಾಲ್ಕಾರು ಅಂಗಡಿ ದಾಟುವಷ್ಟರಲ್ಲಿ ಭಾಗಿಗೆ ಸಿಟ್ಟು ನೆತ್ತಿಗೇರಿತ್ತು.

"ಹೋಯ್, ಸರಿಯಾಗಿ ಹೊಡೀರಿ! ಅಕ್ಕಿ ದಾನ ಕೊಡಿ, ಚೆಂಡು ದಾನ ಕೊಡ್ಬೇಡಿ!"

"ವೇಷದವರೇ, ಒಂಚೂರು ನೀರು ಕುಡೀತೀರಾ?" ಎಂದಳು ಅಮ್ಮ. ಹೆಸರು ಹಿಡಿದು ಕರೆಯುವಂತಿರಲಿಲ್ಲ. ಸಾಕು ಮಗಳೇ, ಮನೆಗೆ ಹೋಗೋಣ ಬಾ ಎನ್ನುವಂತಿರಲಿಲ್ಲ.

"ಬೇಡ. ಇವ್ರು ಯಾರಿಗೂ ಆಟ ಬರಲ್ಲ."

ಕೊನೆಗೆ ನಮ್ಮ ಮನೆಯ ಸರದಿ. ಭಾಗಿ ಹೋಟೆಲಿನ ಮುಂಬಾಗಿಲಲ್ಲಿ ಬೀದಿಗೆ ಮುಖಮಾಡಿ ನಿಂತಳು. ಬೆವರಿಗೆ ಮೀಸೆ ಇಳಿದುಹೋಗಿತ್ತು. ಅಜ್ಜಯ್ಯ ಪೂಜೆ ಮುಗಿಸಿ, ಮಡಿಯಲ್ಲೇ, ಮೊರದಲ್ಲಿ ಅಕ್ಕಿ ಕಾಯಿ ಹಿಡಿದು, ಪಕ್ಕದ ಓಣಿಯನ್ನು ಬಳಸಿ ಬೀದಿಗೆ ಬಂದರು. ತಾವು ಎತ್ತಿ ಆಡಿಸಿದ ಮೊಮ್ಮಗಳ ಮುಂದೆ ತಲೆಬಾಗಿದರು.

"ತಾವು ಬಂದದ್ದು ಈ ಮನೆಯ ಪುಣ್ಯ," ಎಂದು ನನ್ನ ಚೀಲಕ್ಕೆ ಅಕ್ಕಿ ಸುರಿದರು.

"ಚೆಂಡು?" ಎಂದಳು ಭಾಗಿ.

ಹತ್ತು ಕೈ ಮುಟ್ಟಿದ ಆ ಚೆಂಡನ್ನು ಅಜ್ಜಯ್ಯ ನನ್ನಿಂದ ತೆಗೆದುಕೊಂಡರು. ಅಲ್ಲಿಗೆ ಅವರ ಮಡಿ ಹೋಯಿತು. ಅವರು ಚೆಂಡನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಹೇಗೆ ಎಸೆಯಬೇಕು?"

"ನಂಗೆ ಸಿಗದ ಹಾಗೆ."

ಅಜ್ಜಯ್ಯ ಉತ್ತರೀಯವನ್ನು ಸೊಂಟಕ್ಕೆ ಬಿಗಿದು, ಒಂದು ಕಾಲು ಹಿಂದಿಟ್ಟು, ಬೀಸಿ ಎಸೆದರು. ಆ ಮುದಿ ತೋಳಿನಲ್ಲಿ ಅಷ್ಟು ಬಲವಿತ್ತೆಂದು ಯಾರೂ ನೆನೆಸಿರಲಿಲ್ಲ. ಚೆಂಡು ಭಾಗಿಯ ಗವಸಿನ ಮೇಲಿಂದ ಹಾರಿ ಹೋಟೆಲಿನೊಳಗೆ ನುಗ್ಗಿ ಲೋಟಗಳ ತಟ್ಟೆಗೆ ಬಡಿಯಿತು. ಲೋಟಗಳೆಲ್ಲ ನೆಲಕ್ಕೆ ಉರುಳಿದವು. ಡಬ್ಬದ ಬಡಿತ ನಿಂತುಹೋಯಿತು.

"ಮಾವಯ್ಯ! ಎಂತ ಇದು?" ಎಂದಳು ಅಮ್ಮ. ಮಾವನಿಗೆ ಎದುರಾಡಿದ್ದು ಅದೇ ಮೊದಲು.

ಆದರೆ ಭಾಗಿ ನಗುತ್ತಿದ್ದಳು. ಸಿನಿಮಾದ ದಿನ ನಕ್ಕ ಹಾಗೆ, ದಿಂಬಿನ ಹೊಟ್ಟೆ ಕುಣಿಯುವಂತೆ ನಗುತ್ತಿದ್ದಳು.

"ಗೋಲ್! ನೋಡಿ, ಇವ್ರೊಬ್ರೇ ಆಟ ಆಡಿದ್ದು! ಇನ್ನೊಂದು ಹಾಕಿ!"

ನಾನು ಒಳಗಿನಿಂದ ಚೆಂಡು ತಂದುಕೊಟ್ಟೆ. ಅಜ್ಜಯ್ಯ ಮತ್ತೂ ಅಷ್ಟೇ ಬಲವಾಗಿ ಎಸೆದರು. ಈ ಸಲ ಚೆಂಡು ನೇರವಾಗಿ ಬಂದು ದಿಂಬಿಗೆ ಬಡಿಯಿತು. ಭಾಗಿ ಎರಡೂ ಕೈಯಿಂದ ಅದನ್ನು ಅವುಚಿಕೊಂಡು, ಆ ರಭಸಕ್ಕೆ ಹಾಗೆಯೇ ಹಿಂದಕ್ಕೆ ಕುಸಿದು ಕುಳಿತಳು. ಬೀದಿಗೆ ಬೀದಿಯೇ ಕೂಗಿತು. ಅಪ್ಪ ಓಡಿಹೋಗಿ ಹಿಡಿದರು. ತುಟಿ ನೀಲಿಯಾಗಿತ್ತು, ಉಸಿರಿಗೆ ಒದ್ದಾಡುತ್ತಿದ್ದಳು, ಆದರೂ ಚೆಂಡನ್ನು ಬಿಡಲಿಲ್ಲ.

"ನಾನು ಹೊಸ್ತಿಲ ಒಳಗೆ ಬಿದ್ನಾ, ಹೊರಗೆ ಬಿದ್ನಾ? ಅಜ್ಜಯ್ಯ, ನೀವೇ ಹೇಳಿ. ಗೋಲಾ, ಅಲ್ವಾ?"

ಸುತ್ತಲಿನ ಊರುಗಳ ಸಂಶಯಗಳನ್ನೆಲ್ಲ ತೀರ್ಮಾನಿಸಿದವರು ಬೀದಿಯ ನಡುವೆ ನಿಂತಿದ್ದರು. ಗಡ್ಡ ಒದ್ದೆಯಾಗಿತ್ತು.

"ನಂಗೆ ಕಣ್ಣು ಕಾಣಲಿಲ್ಲ ಕೂಸೇ," ಎಂದರು.

ವೇಷದವರನ್ನು ಹಾಗೆ ಕರೆಯಬಾರದೆಂಬ ನಿಯಮವನ್ನು ಅವರು ಮರೆತಿದ್ದರು. ಅಪ್ಪ ಭಾಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಒಳಗೆ ಹೋದರು. ಅಜ್ಜಯ್ಯ ಮತ್ತೆ ಓಣಿಯನ್ನು ಬಳಸಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಹೋಟೆಲಿನ ಹೊಸ್ತಿಲು ದಾಟಿ, ಬೆಂಚುಗಳ ನಡುವೆ, ಬಿದ್ದ ಲೋಟಗಳನ್ನು ಬಳಸಿಕೊಂಡು, ಮಗುವಿನ ಹಿಂದೆಯೇ ನಡೆದರು.

ವಿಜಯದಶಮಿಗೆ ಅಕ್ಕಿ ಕಾಯಿಗಳನ್ನು ಶೀನಣ್ಣ ಘಟ್ಟದ ಕೆಳಗೆ ಒಯ್ದು ದೇವಿಗೆ ಒಪ್ಪಿಸಿ ಪ್ರಸಾದ ತಂದ. ಕಾರ್ತಿಕದ ಒಂದು ಬೆಳಿಗ್ಗೆ, ಹೋಟೆಲಿನಲ್ಲಿ ಮೊದಲ ಇಡ್ಲಿಯ ಹಬೆ ಏಳುವ ಹೊತ್ತಿಗೆ, ಭಾಗಿ ದಿಂಬಿಗೆ ಒರಗಿದ್ದವಳು ನನ್ನ ಕಡೆಗೆ ತಲೆ ವಾಲಿಸಿದಳು. ನಿದ್ದೆ ಬಂತೆಂದು ನಾನು ಹೊದಿಕೆ ಸರಿಮಾಡಿದೆ. ಇದಕ್ಕಿಂತ ಹೆಚ್ಚು ನನ್ನಿಂದ ಬರೆಯಲಾಗದು.

ಅಪ್ಪ ಹೋಟೆಲನ್ನು ಮತ್ತೆ ತೆರೆದರು, ತೆರೆಯದಿದ್ದರೆ ಊಟವಿಲ್ಲ. ಅಜ್ಜಯ್ಯನ ಬಳಿಗೆ ಜನ ಮೊದಲಿನಂತೆಯೇ ಬಂದರು. ತಿಥಿ ಕೇಳಿದರೆ ಹೇಳುತ್ತಿದ್ದರು, ಸೂತಕ ಕೇಳಿದರೆ ಹೇಳುತ್ತಿದ್ದರು. ಹರಕೆಯ ಮಾತು ಬಂದರೆ ಮಾತ್ರ, ಅದು ನನ್ನ ಕೈಲಿ ಆಗೋದಲ್ಲ ಎಂದು ಕೈಮುಗಿಯುತ್ತಿದ್ದರು. ನಾನು ಮುಂದೆ ಸಂಸ್ಕೃತ ಓದಿದೆ, ಓದಿಸಿದೆ. ನನ್ನಲ್ಲಿಗೂ ಜನ ಸಂಶಯ ಹೊತ್ತು ಬರುತ್ತಾರೆ. ಗ್ರಂಥದಲ್ಲಿರುವುದನ್ನು ಹೇಳುವ ಮೊದಲು, ಕೇಳುವವರ ಮನೆಯಲ್ಲಿ ಯಾರು ಮಲಗಿದ್ದಾರೆಂದು ವಿಚಾರಿಸಿಕೊಳ್ಳುತ್ತೇನೆ. ಅದನ್ನು ಕಲಿತದ್ದು ಆ ಮನೆಯಲ್ಲಿ.

ಸೂತಕ ಕಳೆದ ಮೇಲಿನ ಒಂದು ಬೆಳಿಗ್ಗೆ ಅಮ್ಮ ಮತ್ತೆ ಮಡಿಯುಟ್ಟು ಒಲೆ ಹೊತ್ತಿಸಿದಳು. ಅಜ್ಜಯ್ಯನ ಎಲೆಗೆ ಬಡಿಸಿದಳು. ಅವರು ಕೈಯಲ್ಲಿ ನೀರು ಹಿಡಿದು, ಊಟಕ್ಕೆ ಮೊದಲು ಎಲೆಯ ಸುತ್ತ ಬಿಡುವ ಪರಿಷೇಚನಕ್ಕೆ ತೊಡಗಿದಾಗ ಅವಳು ಕೇಳಿದಳು.

"ಅವತ್ತೇ ನಿಮಗೆ ಗೊತ್ತಿತ್ತಾ ಮಾವಯ್ಯ?"

"ಗೊತ್ತಿತ್ತು."

"ವೇಷ ಬೇಡ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಕಾರ್ತಿಕದ ತನಕ ಆದ್ರೂ ನಾನು ಆಸೆ ಇಟ್ಕೊಂಡಿರ್ತಿದ್ದೆ."

ಅಜ್ಜಯ್ಯನ ಅಂಗೈಯ ನೀರು ಬೆರಳ ಸಂದಿಯಿಂದ ಎಲೆಗೆ ಇಳಿದುಹೋಯಿತು.

"ಕೂಸಿಗೆ ವೇಷದ ಆಸೆ. ನಿಂಗೆ ಕೂಸಿನ ಆಸೆ. ಎರಡನ್ನೂ ಉಳಿಸೋ ದಾರಿ ಹುಡುಕಿದೆ ತಾಯೀ. ನಾನು ಓದಿದ್ದರಲ್ಲಿ ಎಲ್ಲೂ ಸಿಗಲಿಲ್ಲ."

ಅಮ್ಮ ಅವರ ಅಂಗೈಗೆ ಮತ್ತೆ ನೀರು ಹಾಕಿದಳು.

ಆ ಅಂಗೈಗೂ ಆ ನೀರು ಹಾಕಿದ ಕೈಗೂ ಸದ್ಗತಿಯಾಗಲಿ. ಕತ್ತಲಲ್ಲಿ ಕಣ್ಣೊರೆಸಿಕೊಂಡು ಮಕ್ಕಳನ್ನು ನಗಿಸಿದ ತಂದೆಯನ್ನು ದೇವಿ ತನ್ನ ಬಳಿ ಕೂರಿಸಿಕೊಳ್ಳಲಿ. ಡಬ್ಬ ಬಡಿದವನ ವಂಶ, ಅಂಗಿ ಕತ್ತರಿಸಿದವರ ವಂಶ ತಣ್ಣಗಿರಲಿ. ಹಗುರವಾಗಿ ಎಸೆದವರೆಲ್ಲರೂ ಪ್ರೀತಿಯಿಂದ ಎಸೆದವರು, ಅವರ ಅಂಗಡಿ ಮನೆಗಳಲ್ಲಿ ದೀಪ ಉರಿಯುತ್ತಿರಲಿ. ಕಾಯಿಲೆಯ ಮಗುವಿನ ತಲೆಯ ಮೇಲೆ ಇಂದು ಕೈಯಿಟ್ಟು ಹರಕೆ ಹೊರುತ್ತಿರುವ ತಾಯಂದಿರಿಗೆಲ್ಲ ಫಲ ಮೊದಲು ಸಿಗಲಿ, ವೇಷ ಆಮೇಲೆ ಕಟ್ಟುವಂತಾಗಲಿ. ಮತ್ತು ನನ್ನ ಭಾಗಿ ಎಲ್ಲಿಯೇ ಇರಲಿ, ಅಲ್ಲಿ ಅವಳಿಗೆ ಸಿಗದ ಹಾಗೆ ಚೆಂಡು ಎಸೆಯುವವರು ಯಾರಾದರೂ ಇರಲಿ.